ಗಣಕಯಂತ್ರದ ಸ್ಮೃತಿವಿಸ್ತಾರ: ಸತ್ಯವೂ ಆಭಾಸವೂ

ಸಂಸಾರ ಬೆಳೆದು ಮನೆ ಇಕ್ಕಟ್ಟಾದಾಗ ಗೃಹಸ್ಥನು ಮಾಡಬಹುದಾದ ಉಪಾಯಗಳು ಕೆಲವುಂಟು. ಅಟ್ಟದ ಮೇಲೂ ಮೆಟ್ಟಿಲ ಕೆಳಗೂ ವ್ಯರ್ಥವಾಗಿ ಬಿದ್ದಿರುವ ಜಾಗವನ್ನು ಹುಡುಕಿ ಬಳಸಿಕೊಳ್ಳಬಹುದು. ಹರಡಿಕೊಂಡಿರುವ ಸಾಮಾನನ್ನು ಒತ್ತಿ ಗಂಟುಕಟ್ಟಿ ಇಡಬಹುದು. ಸದ್ಯಕ್ಕೆ ಬೇಡವಾದುದನ್ನು ಹಿತ್ತಲ ಕೊಟ್ಟಿಗೆಗೆ ಸಾಗಿಸಬಹುದು. ಇದಾವುದನ್ನೂ ಮಾಡದೆ, ಮನೆಯನ್ನು ಇಮ್ಮಡಿಯಾಗಿ ವಿಸ್ತರಿಸಲಾಗಿದೆಯೆಂದು ಬಾಗಿಲಿಗೆ ಹಲಗೆಯೊಂದನ್ನು ತೂಗುಹಾಕುವುದೂ ಒಂದು ಬಗೆಯ ಉಪಾಯವೇ. ಹಲಗೆಯನ್ನು ನಂಬಿ ಬಂದ ಅತಿಥಿಗೆ ಮಾತ್ರ ಮಲಗಲು ಜಾಗ ದೊರೆಯದು. ೧೯೮೧ರಿಂದ ೧೯೯೬ರವರೆಗಿನ ಹದಿನೈದು ವರ್ಷಗಳಲ್ಲಿ ಅಮೆರಿಕ ದೇಶದಲ್ಲಿ ಗಣಕಯಂತ್ರಗಳ ಮೆಮೊರಿಯನ್ನು ಹಿಗ್ಗಿಸುವುದಕ್ಕಾಗಿ ರಚಿತವಾದ ತಂತ್ರಾಂಶಗಳಲ್ಲಿ ಈ ನಾಲ್ಕು ಉಪಾಯಗಳೂ ಕಂಡುಬರುತ್ತವೆ. ಆ ತಂತ್ರಾಂಶಗಳಲ್ಲಿ ಯಾವುವು ನಿಜವಾಗಿಯೂ ಜಾಗವನ್ನು ಒದಗಿಸಿದುವು, ಯಾವುದು ಹಲಗೆಯನ್ನು ಮಾತ್ರ ತೂಗುಹಾಕಿತು ಎಂಬುದೇ ಇಲ್ಲಿಯ ವಿಚಾರ.

ಮೆಮೊರಿಯೆಂದರೆ ಸ್ಮೃತಿ. ಆದರೆ ಗಣಕಯಂತ್ರದ ಸ್ಮೃತಿಯು ಮನುಷ್ಯನ ಸ್ಮೃತಿಯಂತೆ ಹಿಂದಿನ ಅನುಭವದ ಸಂಸ್ಕಾರವಲ್ಲ. ಸದ್ಯದಲ್ಲಿ ಮಾಡುತ್ತಿರುವ ಕೆಲಸಕ್ಕೆ ಬೇಕಾದ ಅಕ್ಷರಗಳನ್ನೂ ಅಂಕೆಗಳನ್ನೂ ಕೈಯಳತೆಯಲ್ಲಿ ಇರಿಸಿಕೊಳ್ಳುವ ಮೇಜು ಅದು. ವಿದ್ಯುತ್ತು ನಿಂತೊಡನೆ ಬರಿದಾಗುವುದು. ಶಾಶ್ವತವಾಗಿ ಉಳಿಯತಕ್ಕದ್ದು ಡಿಸ್ಕಿನಲ್ಲಿರುತ್ತದೆ. ಡಿಸ್ಕು ವಿಶಾಲ, ಆದರೆ ಬಹು ನಿಧಾನ. ಈ ಭೇದವನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗುವುದು.

೧೯೮೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಐ. ಬಿ. ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅದರಲ್ಲಿದ್ದ ಇಂಟೆಲ್ ೮೦೮೮ ಎಂಬ ಚಿಪ್ಪಿಗೆ ಮೆಮೊರಿಯ ವಿಳಾಸವನ್ನು ಸೂಚಿಸುವ ತಂತಿಗಳು ಇಪ್ಪತ್ತು. ಒಂದೊಂದು ತಂತಿಗೆ ಎರಡೆರಡು ಸ್ಥಿತಿಗಳಾದುದರಿಂದ ಒಟ್ಟು ೧೦,೪೮,೫೭೬ ವಿಳಾಸಗಳು, ಎಂದರೆ ಒಂದು ಮೆಗಾಬೈಟ್. ಇದರಲ್ಲಿ ಮೇಲಿನ ೩೮೪ ಕಿಲೋಬೈಟನ್ನು ಪರದೆಗೂ ಯಂತ್ರದ ಸ್ಥಿರಸ್ಮೃತಿಗೂ ಮೀಸಲಾಗಿಟ್ಟು, ಕೆಳಗಿನ ೬೪೦ ಕಿಲೋಬೈಟನ್ನು ಬಳಕೆಗಾರನ ಪ್ರೋಗ್ರಾಮುಗಳಿಗೆ ಬಿಟ್ಟರು. ಅಂದು ಈ ವಿಭಾಗವು ಯಾರಿಗೂ ಕೃಪಣತೆಯೆನಿಸಲಿಲ್ಲ. ಆ ಯಂತ್ರದ ಅತ್ಯಂತ ಕಡಮೆ ಬೆಲೆಯ ಮಾದರಿಯಲ್ಲಿ ಇದ್ದುದೇ ೧೬ ಕಿಲೋಬೈಟ್. ೬೪೦ ಎಂದರೆ ಅದರ ನಲವತ್ತರಷ್ಟು! ಎಂದೆಂದಿಗೂ ಎಲ್ಲರಿಗೂ ೬೪೦ ಕಿಲೋಬೈಟ್ ಸಾಕೆಂದು ಮೈಕ್ರೊಸಾಫ್ಟಿನ ಬಿಲ್ ಗೇಟ್ಸ್ ಹೇಳಿದರೆಂಬ ಮಾತೊಂದು ಜನಜನಿತವಾಗಿದೆ. ಅದನ್ನು ಅವರು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಅವರು ಹಾಗೆ ನುಡಿದುದಕ್ಕೆ ಲಿಖಿತವಾದ ಆಧಾರವನ್ನು ಯಾರೂ ತೋರಿಸಿಲ್ಲ. ಚರಿತ್ರೆಯಲ್ಲಿ ಇಂಥ ಮಾತುಗಳು ಸೊಗಸಾಗಿರುವುದರಿಂದಲೇ ಬದುಕುತ್ತವೆ.

ಗೋಡೆಯು ಬಹು ಬೇಗ ಎದುರಾಯಿತು. ೧೯೮೩ರಲ್ಲಿ ಹೊರಬಂದ ಲೋಟಸ್ ೧-೨-೩ ಎಂಬ ಲೆಕ್ಕದ ಹಾಳೆಯ ಪ್ರೋಗ್ರಾಮು ವರ್ತಕರಿಗೂ ಕಚೇರಿಗಳಿಗೂ ಅತಿ ಪ್ರಿಯವಾಯಿತು. ಹಾಳೆ ಬೆಳೆಯುತ್ತ ಬೆಳೆಯುತ್ತ ಮೆಮೊರಿ ತುಂಬಿಹೋಗತೊಡಗಿತು. ಆಗ ಲೋಟಸ್, ಇಂಟೆಲ್, ಮೈಕ್ರೊಸಾಫ್ಟ್ ಈ ಮೂರು ಸಂಸ್ಥೆಗಳು ಕೂಡಿ ೧೯೮೫ರಲ್ಲಿ ಒಂದು ಒಪ್ಪಂದದ ವಿಧಾನವನ್ನು ನಿರ್ಮಿಸಿದುವು. ಇದಕ್ಕೆ ಎಕ್ಸ್‌ಪ್ಯಾಂಡೆಡ್ ಮೆಮೊರಿಯೆಂದು ಹೆಸರು. ಇದರ ಸ್ವರೂಪವು ಓಲೆಗರಿಯ ಗ್ರಂಥವನ್ನು ಓದುವವರಿಗೆ ಕೂಡಲೆ ತಿಳಿಯುವಂಥದು. ವ್ಯಾಸಪೀಠದ ಮೇಲೆ ಏಕಕಾಲಕ್ಕೆ ಹಿಡಿಸುವ ಗರಿಗಳು ನಾಲ್ಕೇ; ಮಿಕ್ಕ ಗರಿಗಳೆಲ್ಲ ಕಟ್ಟಿನಲ್ಲಿ ಪಕ್ಕದಲ್ಲಿರುತ್ತವೆ; ಬೇಕಾದುದನ್ನು ತೆಗೆದು ಪೀಠದ ಮೇಲಿಟ್ಟು, ಬೇಡವಾದುದನ್ನು ಕಟ್ಟಿಗೆ ಸೇರಿಸುತ್ತ ಓದುವನು ಎಷ್ಟು ದೊಡ್ಡ ಗ್ರಂಥವನ್ನಾದರೂ ಓದಿ ಮುಗಿಸಬಲ್ಲನು. ಹಾಗೆಯೇ ಮೇಲಿನ ಮೀಸಲು ಪ್ರದೇಶದಲ್ಲಿ ೬೪ ಕಿಲೋಬೈಟಿನ ಒಂದು ಕಿಟಕಿ, ಅದರಲ್ಲಿ ೧೬ ಕಿಲೋಬೈಟಿನ ನಾಲ್ಕು ಪುಟಗಳು. ಹಿಂದೆ ಬೇರೊಂದು ಕಾರ್ಡಿನಲ್ಲಿ ಮೊದಲು ೮ ಮೆಗಾಬೈಟಿನವರೆಗೆ, ೧೯೮೭ರ ನಾಲ್ಕನೆಯ ಆವೃತ್ತಿಯಲ್ಲಿ ೩೨ ಮೆಗಾಬೈಟಿನವರೆಗೆ ಮೆಮೊರಿ. ಜಾಗವು ಸತ್ಯವಾದುದೇ. ಆದರೆ ಕಾರ್ಡನ್ನು ಕೊಳ್ಳಬೇಕು. ಮತ್ತು ಪುಟ ಮಗುಚುವ ಕ್ರಮವನ್ನು ಬಲ್ಲ ಪ್ರೋಗ್ರಾಮಿಗೆ ಮಾತ್ರ ಅದರ ಪ್ರಯೋಜನ.

ಈ ಕಾಲದ ಇನ್ನೊಂದು ವೃತ್ತಾಂತವು ಕೇವಲ ತಾಂತ್ರಿಕವಾದರೂ ಬಹು ಸ್ವಾರಸ್ಯವಾಗಿದೆ. ೧೯೮೪ರ ಐ. ಬಿ. ಎಂ. ಎ. ಟಿ. ಯಂತ್ರದಲ್ಲಿ ಬಳಸಿದ ೮೦೨೮೬ ಚಿಪ್ಪಿಗೆ ವಿಳಾಸದ ತಂತಿಗಳು ಇಪ್ಪತ್ತನಾಲ್ಕು. ಹಳೆಯ ಚಿಪ್ಪಿನಲ್ಲಿ ಒಂದು ಮೆಗಾಬೈಟನ್ನು ದಾಟಿದ ವಿಳಾಸವು ಸುತ್ತಿಕೊಂಡು ಮತ್ತೆ ಸೊನ್ನೆಗೇ ಬರುತ್ತಿತ್ತು. ಕೆಲವು ಹಳೆಯ ಪ್ರೋಗ್ರಾಮುಗಳು ಈ ದೋಷವನ್ನೇ ಗುಣವೆಂದು ಅವಲಂಬಿಸಿದ್ದುವು. ಅವು ಕೆಡದಿರಲೆಂದು ಐ. ಬಿ. ಎಂ. ನವರು ಇಪ್ಪತ್ತೊಂದನೆಯ ತಂತಿಗೆ ಒಂದು ಕದವಿಟ್ಟು, ಅದನ್ನು ತೆರೆದು ಮುಚ್ಚುವ ಅಧಿಕಾರವನ್ನು ಕೀಲಿಮಣೆಯ ಚಿಪ್ಪಿನಲ್ಲಿ ಬಿಡುವಾಗಿದ್ದ ಒಂದು ಕಾಲಿಗೆ ಒಪ್ಪಿಸಿದರು. ದೇವಸ್ಥಾನದ ಭಂಡಾರದ ಬೀಗದ ಕೈಯನ್ನು ಹೂವಾಡಿಗನ ಬಳಿ ಕೊಟ್ಟಂತೆ! ಈ ಕದವನ್ನು ತೆರೆದರೆ ಹಳೆಯ ರೀತಿಯ ಪ್ರೋಗ್ರಾಮುಗಳಿಗೂ ಒಂದು ಮೆಗಾಬೈಟಿನ ಆಚೆಗೆ ೬೫,೫೨೦ ಬೈಟುಗಳು ಕಾಣಿಸುತ್ತವೆಂದು ಮುಂದೆ ಗೊತ್ತಾಯಿತು. ಅಲ್ಲಿಗೆ ಡಾಸ್ ವ್ಯವಸ್ಥೆಯ ಬಹುಭಾಗವನ್ನೇ ಸಾಗಿಸಿ ಕೆಳಗೆ ಜಾಗ ಬಿಡಿಸಿದರು. ಅನ್ಯರ ತಪ್ಪನ್ನು ಕಾಪಾಡಲು ಹಾಕಿದ ಕದವು ಹೀಗೆ ಒಂದು ಕೋಣೆಯನ್ನು ಕೊಟ್ಟಿತು.

ನಿಜವಾದ ಪರಿವರ್ತನೆಯಾದುದು ೧೯೮೫ರಲ್ಲಿ ಇಂಟೆಲ್ ೮೦೩೮೬ ಚಿಪ್ಪನ್ನು ಹೊರತಂದ ಮೇಲೆ. ೧೯೮೬ರಲ್ಲಿ ಕಾಂಪ್ಯಾಕ್ ಸಂಸ್ಥೆಯು ಅದನ್ನು ತನ್ನ ಡೆಸ್ಕ್‌ಪ್ರೋ ಯಂತ್ರದಲ್ಲಿಟ್ಟು ಮಾರಿತು. ಈ ಚಿಪ್ಪಿಗೆ ಮೆಮೊರಿಯನ್ನು ೪ ಕಿಲೋಬೈಟಿನ ಪುಟಗಳಾಗಿ ಭಾಗಿಸಿ, ಯಾವ ಪುಟಕ್ಕೆ ಯಾವ ವಿಳಾಸವನ್ನಾದರೂ ಆರೋಪಿಸುವ ಸಾಮರ್ಥ್ಯವಿತ್ತು. ಅಷ್ಟಲ್ಲದೆ ಅದು ತನ್ನೊಳಗೆ ಹಳೆಯ ೮೦೮೬ ಯಂತ್ರದ ವೇಷವೊಂದನ್ನು ಧರಿಸಬಲ್ಲುದಾಗಿತ್ತು. ಡಾಸ್ ಪಾಪ ತಾನು ಹಳೆಯ ಯಂತ್ರದಲ್ಲಿಯೇ ಇರುವೆನೆಂದು ತಿಳಿದಿರುತ್ತಿತ್ತು. ಅದರ ಹಿಂದೆ ನಿಂತ ಸೂತ್ರಧಾರನು ಬೇರೊಬ್ಬ. ಆ ಸೂತ್ರಧಾರನೇ ಮೆಮೊರಿ ಮ್ಯಾನೇಜರ್ ಎಂಬ ತಂತ್ರಾಂಶ.

ಇವುಗಳಲ್ಲಿ ಪ್ರಸಿದ್ಧವಾದುವು ಎರಡು. ಕ್ಯಾಲಿಫೋರ್ನಿಯದ ಸಾಂತಾ ಮೋನಿಕದಲ್ಲಿದ್ದ ಕ್ವಾರ್ಟರ್‌ಡೆಕ್ ಸಂಸ್ಥೆಯ ಕ್ಯೂಇಎಂಎಂ ಒಂದು. ಮೇರಿಲ್ಯಾಂಡಿನ ಬೆಥೆಸ್ಡದಲ್ಲಿದ್ದ ಕ್ವಾಲಿಟಾಸ್ ಸಂಸ್ಥೆಯ ೩೮೬ ಮ್ಯಾಕ್ಸ್ ಇನ್ನೊಂದು. ಇವುಗಳ ತತ್ತ್ವ ಒಂದೇ. ಮೀಸಲಿಟ್ಟ ೩೮೪ ಕಿಲೋಬೈಟ್ ಪ್ರದೇಶದಲ್ಲಿ ವಾಸ್ತವವಾಗಿ ಯಾರೂ ವಾಸಿಸದ ತುಂಡುನೆಲಗಳು ಅನೇಕವಿದ್ದುವು. ಆ ಬರಿಯ ವಿಳಾಸಗಳಿಗೆ ಯಂತ್ರದಲ್ಲಿ ಮೇಲೆಲ್ಲೋ ಇದ್ದ ನಿಜವಾದ ಮೆಮೊರಿಯನ್ನು ಜೋಡಿಸಿ, ಮೌಸ್, ಜಾಲ, ಸಿ. ಡಿ. ಮುಂತಾದುವುಗಳನ್ನು ನಡೆಸುವ ಚಿಕ್ಕ ಪ್ರೋಗ್ರಾಮುಗಳನ್ನು ಅಲ್ಲಿ ಕೂರಿಸುವುದು. ಆಗ ಕೆಳಗಿನ ೬೪೦ರಲ್ಲಿ ದೊಡ್ಡ ಪ್ರೋಗ್ರಾಮಿಗೆ ಜಾಗವಾಗುವುದು. ಹೇಳುವುದಕ್ಕೆ ಇಷ್ಟೇ. ಮಾಡುವುದು ಮಾತ್ರ ಸಾಮಾನ್ಯವಲ್ಲ. ಒಳಹೊಗುವಾಗ ಅಧಿಕ ಜಾಗವನ್ನು ಬೇಡಿ, ಕುಳಿತ ಮೇಲೆ ಸಂಕೋಚಗೊಳ್ಳುವ ಪ್ರೋಗ್ರಾಮುಗಳುಂಟು. ಆದುದರಿಂದ ಯಾರು ಮೊದಲು ಯಾರು ಆಮೇಲೆ ಎಂಬ ಕ್ರಮವು ಬದಲಾದರೆ ಫಲವೂ ಬದಲಾಗುವುದು. ಸಮಾರಾಧನೆಯಲ್ಲಿ ಪಂಕ್ತಿ ಹಾಕಿಸಿದವರಿಗೆ ಈ ಕಷ್ಟದ ಅರಿವುಂಟು. ಕ್ಯೂಇಎಂಎಂ ಜೊತೆಗೆ ಬರುತ್ತಿದ್ದ ಆಪ್ಟಿಮೈಸ್ ಎಂಬ ಸಹಾಯಕನು ಯಂತ್ರವನ್ನು ಮತ್ತೆ ಮತ್ತೆ ತಾನೇ ಆರಿಸಿ ಹೊತ್ತಿಸಿ, ನಾನಾ ಜೋಡಣೆಗಳನ್ನು ಎಣಿಸಿ, ಅತ್ಯಂತ ಲಾಭಕರವಾದುದನ್ನು ಆರಿಸಿಕೊಡುತ್ತಿದ್ದನು.

ಕ್ಯೂಇಎಂಎಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಂತ್ರದ ಸ್ಥಿರಸ್ಮೃತಿಯು ಸದಾ ತನ್ನ ವಿಳಾಸದಲ್ಲಿ ಕುಳಿತಿರುವ ಅಗತ್ಯವೇನು? ಕರೆದಾಗ ಬಂದರೆ ಸಾಲದೆ? ಈ ಯೋಚನೆಯಿಂದ ಸ್ಟೆಲ್ತ್ ಎಂಬ ಉಪಾಯವು ಹುಟ್ಟಿತು. ಸ್ಥಿರಸ್ಮೃತಿಯನ್ನು ಮರೆಮಾಡಿ ಆ ವಿಳಾಸಗಳನ್ನು ಇತರರಿಗೆ ಕೊಟ್ಟು, ಕರೆ ಬಂದಾಗ ಮಾತ್ರ ಅದನ್ನು ಕ್ಷಣಕಾಲ ಸ್ವಸ್ಥಾನಕ್ಕೆ ತರುವುದು. ಇದರಿಂದ ಲಾಭವು ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ಈ ಕಣ್ಣುಮುಚ್ಚಾಲೆಯನ್ನು ಸಹಿಸದ ಯಂತ್ರಗಳು ನಡುವೆ ಸ್ತಬ್ಧವಾಗಿ ನಿಲ್ಲುವುದೂ ಉಂಟು. ೧೯೯೨ರ ಅಲ್ಟಿಮಾ ೭ ಎಂಬ ಆಟವು ಮೆಮೊರಿಯನ್ನು ತನ್ನದೇ ಪದ್ಧತಿಯಿಂದ ಆಳುತ್ತಿದ್ದುದರಿಂದ, ಇಂಥ ಮ್ಯಾನೇಜರ್ ಇದ್ದಲ್ಲಿ ಓಡಲೇ ಒಲ್ಲೆನೆನ್ನುತ್ತಿತ್ತು. ಒಂದು ಒರೆಯಲ್ಲಿ ಎರಡು ಕತ್ತಿಗಳು ಹಿಡಿಯವಷ್ಟೆ.

ಆದರೂ ಈ ವರ್ಗದ ತಂತ್ರಾಂಶಗಳ ವಿಷಯದಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಇವು ಮಾಡಿದ ಉಪಕಾರವು ಪ್ರತ್ಯಕ್ಷಪ್ರಮಾಣಕ್ಕೆ ಸಿಗುತ್ತಿತ್ತು. ಮೆಮ್ ಎಂಬ ಆಜ್ಞೆಯನ್ನು ಕೊಟ್ಟರೆ, ಎಷ್ಟು ದೊಡ್ಡ ಪ್ರೋಗ್ರಾಮು ಹಿಡಿಸುವುದೆಂಬ ಅಂಕೆ ಪರದೆಯ ಮೇಲೆ ಬರುವುದು. ಆ ಅಂಕೆಯನ್ನು ಕೊಡುತ್ತಿದ್ದುದು ಮ್ಯಾನೇಜರ್ ಅಲ್ಲ, ಡಾಸ್. ಆ ಅಂಕೆ ೬೦೦ನ್ನು ದಾಟಿದರೆ, ನಿನ್ನೆ ತೆರೆಯದ ಪ್ರೋಗ್ರಾಮು ಇಂದು ತೆರೆಯುವುದು. ಇಲ್ಲಿ ವಂಚನೆಗೆ ಎಡೆಯಿರಲಿಲ್ಲ. ಈ ಉಪಾಯಗಳ ಬೆಲೆಯನ್ನರಿತ ಡಿಜಿಟಲ್ ರಿಸರ್ಚ್ ಸಂಸ್ಥೆಯು ೧೯೯೦ರಲ್ಲಿ ತನ್ನ ಡಿ. ಆರ್. ಡಾಸ್ ೫ರಲ್ಲಿಯೂ, ಮೈಕ್ರೊಸಾಫ್ಟ್ ೧೯೯೧ರ ಜೂನ್ ತಿಂಗಳಲ್ಲಿ ಎಂ. ಎಸ್. ಡಾಸ್ ೫ರಲ್ಲಿಯೂ ಇವುಗಳನ್ನು ವ್ಯವಸ್ಥೆಯ ಅಂಗವಾಗಿಯೇ ಸೇರಿಸಿಬಿಟ್ಟವು. ೧೯೯೩ರ ಡಾಸ್ ೬ರಲ್ಲಿ ಜೋಡಣೆಯನ್ನು ತಾನೇ ಮಾಡುವ ಮೆಮ್‌ಮೇಕರ್ ಕೂಡ ಬಂದಿತು. ಪುಕ್ಕಟೆಯಾಗಿ ದೊರೆತುದು ಕ್ಯೂಇಎಂಎಂ ಅಷ್ಟು ಚತುರವಾಗಿರಲಿಲ್ಲ. ಆದರೆ ಬಹುಮಂದಿಗೆ ಅಷ್ಟೇ ಸಾಕಾಯಿತು.

ಇತ್ತ ಆಪಲ್ ಸಂಸ್ಥೆಯ ಮ್ಯಾಕಿಂಟೋಷ್ ಯಂತ್ರಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಪ್ರತಿಯೊಂದು ಪ್ರೋಗ್ರಾಮೂ ತೆರೆಯುವಾಗಲೇ ತನಗೆ ಇಷ್ಟು ಮೆಮೊರಿಯೆಂದು ಗೊತ್ತುಮಾಡಿದ ಪಾಲನ್ನು ಪೂರ್ತಿಯಾಗಿ ಹಿಡಿದುಕೊಳ್ಳುತ್ತಿತ್ತು. ಅದರಲ್ಲಿ ಅರ್ಧವನ್ನು ಬಳಸದಿದ್ದರೂ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ. ಉಳುವವನಿಲ್ಲದೆ ಬೀಳುಬಿದ್ದ ಹೊಲಕ್ಕೂ ಬೇಲಿ! ಕ್ಯಾಲಿಫೋರ್ನಿಯದ ಕನೆಕ್ಟಿಕ್ಸ್ ಸಂಸ್ಥೆಯವರು ಈ ಸ್ಥಿತಿಯನ್ನು ಚೆನ್ನಾಗಿ ಬಲ್ಲವರು. ೧೯೯೧ರಲ್ಲಿಯೇ ಅವರು ಮೋಡ್ ೩೨ ಎಂಬ ತಂತ್ರಾಂಶದಿಂದ, ೮ ಮೆಗಾಬೈಟಿಗಿಂತ ಹೆಚ್ಚನ್ನು ಕಾಣಲಾರದಿದ್ದ ಮ್ಯಾಕ್ ೨ ಮೊದಲಾದ ಯಂತ್ರಗಳ ಕಣ್ಣು ತೆರೆಸಿದ್ದರು. ಆಪಲ್ ಸಂಸ್ಥೆಯೇ ಅದರ ಹಕ್ಕನ್ನು ಪಡೆದು ತನ್ನ ಗಿರಾಕಿಗಳಿಗೆ ಉಚಿತವಾಗಿ ಹಂಚಿತು. ೧೯೯೪ರಲ್ಲಿ ಅವರು ಹೊರತಂದ ರ‍್ಯಾಮ್ ಡಬ್ಲರ್ ಎಂಬುದು ಇರುವ ಮೆಮೊರಿಯನ್ನು ಎರಡರಷ್ಟಾಗಿ ತೋರಿಸುವೆನೆಂದು ಸಾರಿತು. ಅದು ಮೊದಲು ಪ್ರೋಗ್ರಾಮುಗಳು ಹಿಡಿದೂ ಬಳಸದಿದ್ದ ಬೀಳುನೆಲವನ್ನು ಇತರರಿಗೆ ಹಂಚುವುದು. ಅದು ಸಾಲದಿದ್ದರೆ, ಕೆಲಕಾಲದಿಂದ ಯಾರೂ ಮುಟ್ಟದ ಪುಟಗಳನ್ನು ಸಂಕೋಚಿಸಿ ಚಿಕ್ಕದಾಗಿ ಮಾಡಿ ಇಡುವುದು. ಅದೂ ಸಾಲದಾದಾಗ ಮಾತ್ರ ಡಿಸ್ಕಿಗೆ ಸಾಗಿಸುವುದು. ಆಪಲ್‌ನ ಸ್ವಂತ ವ್ಯವಸ್ಥೆಯು ಮೊದಲೇ ಡಿಸ್ಕಿನಲ್ಲಿ ದೊಡ್ಡ ಜಾಗವನ್ನು ಕಾದಿರಿಸಿ ಅದನ್ನು ಅವಲಂಬಿಸುತ್ತಿದ್ದುದರಿಂದ ನಿಧಾನವಾಗಿತ್ತು. ರ‍್ಯಾಮ್ ಡಬ್ಲರ್‌ಗೂ ಮಿತಿಯಿರದೆ ಇರಲಿಲ್ಲ. ನಾಲ್ಕಾರು ಚಿಕ್ಕ ಪ್ರೋಗ್ರಾಮುಗಳನ್ನು ಒಟ್ಟಿಗೆ ತೆರೆದಿಡುವವನಿಗೆ ಅದು ವರಪ್ರಸಾದ. ನಿಜವಾದ ಮೆಮೊರಿಗಿಂತ ದೊಡ್ಡದಾದ ಒಂದೇ ಚಿತ್ರವನ್ನು ತಿದ್ದಬೇಕೆನ್ನುವವನಿಗೆ ಅದರಿಂದ ಹೆಚ್ಚಿನ ಉಪಯೋಗವಿರಲಿಲ್ಲ. ಈ ಮಿತಿಯೊಳಗೆ ಅದು ಕೊಟ್ಟ ಮಾತನ್ನು ನಡೆಸಿಕೊಟ್ಟಿತು.

ಈ ಮಧ್ಯೆ ಮೆಮೊರಿಯ ಚಿಪ್ಪುಗಳ ಬೆಲೆಯ ಮಾತನ್ನು ಹೇಳದೆ ಗತ್ಯಂತರವಿಲ್ಲ. ೧೯೯೩ರ ಜುಲೈ ೪ರಂದು ಜಪಾನಿನ ನೀಹಾಮ ಎಂಬಲ್ಲಿ ಸುಮಿಟೋಮೋ ರಾಸಾಯನಿಕ ಸಂಸ್ಥೆಯ ಕಾರ್ಖಾನೆಯೊಂದು ಸ್ಫೋಟಗೊಂಡಿತು. ಚಿಪ್ಪುಗಳಿಗೆ ಕವಚವಾಗಿ ಬಳಸುವ ಎಪಾಕ್ಸಿ ರಾಳದಲ್ಲಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದು ಕಾರ್ಖಾನೆಯಿಂದಲೇ ಬರುತ್ತಿತ್ತು. ಸುದ್ದಿ ಹಬ್ಬಿದೊಡನೆ ಮೆಮೊರಿಯ ಬೆಲೆ ಏರಿತು. ೧೯೯೫ರವರೆಗೂ ಅದು ತುಟ್ಟಿಯಾಗಿಯೇ ಉಳಿಯಿತು. ಆ ವರ್ಷದ ಆಗಸ್ಟ್ ೨೪ರಂದು ವಿಂಡೋಸ್ ೯೫ ಬಿಡುಗಡೆಯಾಯಿತು. ಅದಕ್ಕೆ ೪ ಮೆಗಾಬೈಟ್ ಸಾಕೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ, ೮ ಇಲ್ಲದೆ ಸುಖವಿಲ್ಲವೆಂಬುದು ಬಳಸಿದವರಿಗೆಲ್ಲ ತಿಳಿದ ವಿಷಯ. ಇನ್ನೊಂದು ೪ ಮೆಗಾಬೈಟನ್ನು ಕೊಳ್ಳಲು ನೂರು ಡಾಲರಿಗೂ ಮೇಲೆ ತೆರಬೇಕಾಗಿತ್ತು. ಕೈಯಲ್ಲಿ ಹಣ ಸಾಲದವನು ಅಂಗಡಿಯಲ್ಲಿ ಸುಲಭಬೆಲೆಯ ಪೆಟ್ಟಿಗೆಯೊಂದನ್ನು ಕಂಡರೆ ಅದರತ್ತ ಕೈ ಚಾಚುವುದು ಸಹಜ.

ಅದಕ್ಕೆ ಮೊದಲೇ ರೋಗನಿದಾನದಲ್ಲಿ ಒಂದು ಭ್ರಾಂತಿ ಬೆಳೆದಿತ್ತು. ವಿಂಡೋಸ್ ೩.೧ರಲ್ಲಿ ಹತ್ತಾರು ಕಿಟಕಿಗಳನ್ನು ತೆರೆದರೆ ಮೆಮೊರಿ ಸಾಲದೆಂಬ ಸೂಚನೆ ಬರುತ್ತಿತ್ತು. ಬಳಕೆಗಾರನು ಚಿಪ್ಪುಗಳು ಕಡಮೆಯಾದುವೆಂದು ತಿಳಿಯುತ್ತಿದ್ದನು. ಆದರೆ ಎಷ್ಟೋ ಸಲ ಮೆಗಾಬೈಟುಗಟ್ಟಲೆ ಮೆಮೊರಿ ಬರಿದಾಗಿಯೇ ಇರುತ್ತಿತ್ತು. ತುಂಬಿರುತ್ತಿದ್ದುದು ಕಿಟಕಿ, ಗುಂಡಿ, ಚಿತ್ರಗಳ ವಿವರಗಳನ್ನಿಡುವ ೬೪ ಕಿಲೋಬೈಟಿನ ಕೆಲವು ಚಿಕ್ಕ ಡಬ್ಬಿಗಳು ಮಾತ್ರ. ಮತ್ತೆ ಕೆಲವು ವೇಳೆ, ಪ್ರತಿ ಪ್ರೋಗ್ರಾಮಿಗೂ ಮೊದಲನೆಯ ಮೆಗಾಬೈಟಿನಲ್ಲಿ ಬೇಕಾದ ಒಂದು ಸಣ್ಣ ತುಂಡು ದೊರೆಯದೆ ಅದೇ ಸೂಚನೆ ಬರುತ್ತಿತ್ತು. ಹೊಟ್ಟೆನೋವಿಗೆ ಕಣ್ಣಿಗೆ ಅಂಜನ ಹಚ್ಚಿದಂತೆ, ಇಂಥ ಕಡೆ ಚಿಪ್ಪನ್ನು ಹೆಚ್ಚಿಸಿದರೂ ಗುಣವಿಲ್ಲ.

ಹೀಗಿರಲು ಕ್ಯಾಲಿಫೋರ್ನಿಯದ ಕಲ್ವರ್ ಸಿಟಿಯ ಸಿಂಕ್ರೋನಿಸ್ ಎಂಬ ಸಂಸ್ಥೆಯು ೧೯೯೫ರಲ್ಲಿ ಸಾಫ್ಟ್‌ರ‍್ಯಾಮ್ ಎಂಬುದನ್ನೂ, ಆಗಸ್ಟ್ ತಿಂಗಳಲ್ಲಿ ಸಾಫ್ಟ್‌ರ‍್ಯಾಮ್ ೯೫ ಎಂಬುದನ್ನೂ ಮಾರಾಟಕ್ಕೆ ತಂದಿತು. ಮೆಮೊರಿಯೊಳಗಿನದನ್ನು ಸಂಕೋಚಿಸಿ ೪ ಮೆಗಾಬೈಟನ್ನು ೮ ಆಗಿಸುವೆನೆಂದು ಅದರ ಘೋಷಣೆ. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದುವು. ಪರದೆಯ ಮೇಲೆ ಸುಂದರವಾದ ಮಾಪಕವೊಂದು ಕಾಣಿಸಿಕೊಂಡು ಮೆಮೊರಿ ಇಮ್ಮಡಿಯಾಯಿತೆಂದು ಸಾರುತ್ತಿತ್ತು. ವಿಂಡೋಸ್ ೩.೧ರಲ್ಲಿ ಕೆಲವರಿಗೆ ಮೊದಲಿಗಿಂತ ಹೆಚ್ಚು ಪ್ರೋಗ್ರಾಮುಗಳು ತೆರೆದುದೂ ನಿಜ. ಡಿಸ್ಕಿನ ಮೇಲೆ ವಿಂಡೋಸ್ ಕಾದಿರಿಸಿದ ಜಾಗವನ್ನು ಅದು ಹೆಚ್ಚಿಸುತ್ತಿದ್ದುದೇ ಅದಕ್ಕೆ ಕಾರಣ. ಹಣ ಕೊಡದೆ, ವಿಂಡೋಸಿನ ಒಂದು ಪಟ್ಟಿಕೆಯಲ್ಲಿ ಅಂಕೆ ತಿದ್ದಿ ಯಾರಾದರೂ ಮಾಡಿಕೊಳ್ಳಬಹುದಾದ ಕಾರ್ಯವದು. ಮಂಜನ್ನು ಹೊಗೆಯೆಂದು ಗ್ರಹಿಸಿ ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದಲ್ಲಿ ಪ್ರಸಿದ್ಧವಾದ ದೋಷ. ಪ್ರೋಗ್ರಾಮುಗಳು ತೆರೆದುದನ್ನು ಕಂಡು ಸಂಕೋಚನ ನಡೆಯಿತೆಂದು ತಿಳಿದವರದೂ ಅದೇ ದೋಷ. ಅಳೆಯುವ ಕೋಲು ಮಾರುವವನದೇ ಆಗಿದ್ದುದು ಈ ಭ್ರಾಂತಿಯನ್ನು ದೃಢಪಡಿಸಿತು.

ಪರೀಕ್ಷೆಗೆ ಕೈಹಾಕಿದವರು ಕೆಲವು ಕುತೂಹಲಿಗಳು. ೧೯೯೫ರ ಕೊನೆಯ ತಿಂಗಳುಗಳಲ್ಲಿ ಜರ್ಮನಿಯ ಗಣಕಯಂತ್ರ ಪತ್ರಿಕೆಯೊಂದು ಇದರಲ್ಲಿ ಸಂಕೋಚನವೇ ಇಲ್ಲವೆಂದು ಬರೆಯಿತು. ಅಮೆರಿಕದಲ್ಲಿ ಆಂಡ್ರೂ ಶುಲ್‌ಮನ್, ಮಾರ್ಕ್ ರಸಿನೋವಿಚ್, ಬ್ರೈಸ್ ಕಾಗ್ಸ್‌ವೆಲ್ ಎಂಬ ಮೂವರು ತಂತ್ರಜ್ಞರು ತಂತ್ರಾಂಶವನ್ನು ಬಿಚ್ಚಿ ಅದರ ಒಳಗನ್ನು ಪಂಕ್ತಿಪಂಕ್ತಿಯಾಗಿ ಓದಿದರು. ಒಳಹೊಕ್ಕ ಪುಟವು ಹೊಕ್ಕಷ್ಟೇ ಗಾತ್ರದಲ್ಲಿ ಹೊರಬರುತ್ತಿತ್ತು. ತಂತ್ರಾಂಶರಚನೆಯನ್ನು ಕಲಿಯುವವರಿಗಾಗಿ ಮೈಕ್ರೊಸಾಫ್ಟ್ ಕೊಡುತ್ತಿದ್ದ ಮಾದರಿಯ ಪಾಠವನ್ನೇ ಹೆಚ್ಚುಕಡಮೆ ಹಾಗೆಯೇ ಎತ್ತಿ ಅದರ ತಳಹದಿಯಾಗಿ ಇರಿಸಲಾಗಿತ್ತು. ಆಡಿನ ಕೊರಳಿನ ಮೊಲೆಯಲ್ಲಿ ಹಾಲಿಲ್ಲವೆಂದು ಹಿಂಡಿ ನೋಡಿದ ಮೇಲೆ ತಿಳಿದಂತಾಯಿತು. ೧೯೯೫ರ ಡಿಸೆಂಬರಿನಲ್ಲಿ ಸಂಸ್ಥೆಯು ಸಾಫ್ಟ್‌ರ‍್ಯಾಮ್ ೯೫ನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ೧೯೯೬ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ನು, ಆಧಾರವಿಲ್ಲದ ಇಂಥ ಹೇಳಿಕೆಗಳನ್ನು ಮುಂದೆ ಮಾಡದಂತೆ ಸಂಸ್ಥೆಯನ್ನು ಒಪ್ಪಂದದಿಂದ ಕಟ್ಟಿಹಾಕಿತು. ಅಷ್ಟರಲ್ಲಿ ಕೊಂಡವರು ಕೊಂಡಾಗಿತ್ತು. ಅವರಲ್ಲಿ ಹೆಚ್ಚಿನವರು ಅಗ್ಗದ ಯಂತ್ರವನ್ನು ಇಟ್ಟುಕೊಂಡು ಹೇಗೋ ಕಾಲ ನೂಕುತ್ತಿದ್ದವರೇ. ಚಿಪ್ಪು ಕೊಳ್ಳಬಲ್ಲ ಸಿರಿವಂತನಿಗೆ ಈ ಪೆಟ್ಟಿಗೆಯ ಅಗತ್ಯವೇ ಇರಲಿಲ್ಲ.

ಸಂಕೋಚನವನ್ನು ವಾಸ್ತವವಾಗಿ ಮಾಡಿದ ತಂತ್ರಾಂಶಗಳೂ ವಿಂಡೋಸಿಗೆ ಇದ್ದುವು. ಕ್ವಾರ್ಟರ್‌ಡೆಕ್ಕಿನ ಮ್ಯಾಗ್ನಾರ‍್ಯಾಮ್ ಅಂಥದು. ಅದು ಪ್ರಾಮಾಣಿಕವಾದುದು, ಆದರೆ ಅದರ ಫಲ ಅಲ್ಪ. ಗಂಟು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಶ್ರಮ ಬೇಕು. ಅಂದಿನ ಚಿಪ್ಪುಗಳ ವೇಗಕ್ಕೆ ಆ ಶ್ರಮವೇ ಭಾರವಾಗುತ್ತಿತ್ತು. ಮ್ಯಾಕಿಂಟೋಷಿನಂತೆ ಬೇಲಿಯೊಳಗೆ ಬಿದ್ದ ಬೀಳುನೆಲವೂ ವಿಂಡೋಸಿನಲ್ಲಿರಲಿಲ್ಲವಾಗಿ, ಅಲ್ಲಿ ಸಿಕ್ಕಿದ ಸುಲಭಲಾಭ ಇಲ್ಲಿ ಸಿಕ್ಕಲಿಲ್ಲ. ಒಂದೇ ಉಪಾಯವು ಎರಡು ಮನೆಗಳಲ್ಲಿ ಎರಡು ಫಲವನ್ನು ಕೊಟ್ಟಿತು.

೧೯೯೬ರಲ್ಲಿ ಮೆಮೊರಿಯ ಬೆಲೆ ಥಟ್ಟನೆ ಕುಸಿಯಿತು. ವಿಂಡೋಸ್ ೯೫ರ ಪ್ರೋಗ್ರಾಮುಗಳಿಗೆ ೬೪೦ರ ಗೋಡೆಯೇ ಇರಲಿಲ್ಲ. ೧೯೯೮ರಲ್ಲಿ ಕ್ವಾರ್ಟರ್‌ಡೆಕ್ ಸಂಸ್ಥೆಯು ಸಿಮ್ಯಾಂಟೆಕ್ ಸಂಸ್ಥೆಯ ಪಾಲಾಯಿತು. ೨೦೦೧ರಲ್ಲಿ ಬಂದ ಮ್ಯಾಕ್ ಓಎಸ್ ಹತ್ತರಲ್ಲಿ ಮೆಮೊರಿಯ ಹಂಚಿಕೆಯ ಕ್ರಮವೇ ಬದಲಾದುದರಿಂದ ರ‍್ಯಾಮ್ ಡಬ್ಲರ್‌ಗೂ ಕೆಲಸವಿಲ್ಲದಾಯಿತು. ಆದರೆ ಸಾಫ್ಟ್‌ರ‍್ಯಾಮ್ ಬಾಯಲ್ಲಿ ಹೇಳಿ ಕೈಯಲ್ಲಿ ಮಾಡದಿದ್ದ ಆ ಸಂಕೋಚನವೇ, ಚಿಪ್ಪುಗಳು ವೇಗವಾದ ಮೇಲೆ, ಸದ್ದಿಲ್ಲದೆ ಮರಳಿ ಬಂದಿತು: ೨೦೧೩ರಲ್ಲಿ ಆಪಲ್‌ನ ಮ್ಯಾವರಿಕ್ಸ್ ವ್ಯವಸ್ಥೆಯಲ್ಲಿ, ೨೦೧೪ರಲ್ಲಿ ಲಿನಕ್ಸ್‌ನ ಜಡ್‌ರ‍್ಯಾಮ್ ಆಗಿ, ೨೦೧೫ರಲ್ಲಿ ವಿಂಡೋಸ್ ೧೦ರಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಜಡ್‌ರ‍್ಯಾಮ್ ಕೆಲಸಮಾಡುತ್ತಿದೆ.

ಅದೇ ಫೋನುಗಳನ್ನು ಇಂದು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕೊಳ್ಳಹೋದವರು, ಪೆಟ್ಟಿಗೆಯ ಮೇಲೆ ೮ ಜಿಬಿ ಮತ್ತು ೮ ಜಿಬಿ ಎಂದು ಕೂಡಿಸಿ ೧೬ ಜಿಬಿ ರ‍್ಯಾಮ್ ಎಂದು ದೊಡ್ಡಕ್ಷರದಲ್ಲಿ ಅಚ್ಚುಮಾಡಿರುವುದನ್ನು ಕಾಣಬಹುದು. ಮೊದಲನೆಯ ಎಂಟು ಮೆಮೊರಿಯ ಚಿಪ್ಪು. ಎರಡನೆಯ ಎಂಟು, ಚಿತ್ರಗಳನ್ನೂ ಹಾಡುಗಳನ್ನೂ ಇಡುವ ಸಂಗ್ರಹದಿಂದ ಎರವಲು ತೆಗೆದ ಜಾಗ. ಚಿಪ್ಪಿಗಿಂತ ಎಷ್ಟೋ ಪಾಲು ನಿಧಾನವಾದುದು. ಈ ವಿವರವೂ ಆ ಪೆಟ್ಟಿಗೆಯ ಮೇಲೆಯೇ ಇರುವುದುಂಟು, ನಕ್ಷತ್ರಚಿಹ್ನೆಯ ಎದುರಿಗೆ, ಸಣ್ಣ ಅಕ್ಷರದಲ್ಲಿ.